ಕಚೇರಿಗೆ ಹೋಗುವವರ ಆಯುರ್ವೇದ ದಿನಚರಿ: ಯಾವುದನ್ನು ಮೊದಲು ಹಿಡಿಯಬೇಕು?

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನನಗೆ ಮೂವತ್ತೊಂಬತ್ತು ವರ್ಷ. ಇಲ್ಲಿನ ಒಂದು ಸಹಕಾರ ಸಂಘದ ನಗದು ಕೌಂಟರಿನಲ್ಲಿ ಕೆಲಸ. ತವರು ತೀರ್ಥಹಳ್ಳಿ ಕಡೆಯ ಹಳ್ಳಿ, ಹಾಗಾಗಿ ಕಷಾಯ, ತಂಬುಳಿ, ಎಣ್ಣೆಸ್ನಾನ ಯಾವುದೂ ನನಗೆ ಹೊಸದಲ್ಲ. ಆದರೆ ಮದುವೆ, ಕೆಲಸ, ಮಗಳ ಶಾಲೆ ಎನ್ನುವಷ್ಟರಲ್ಲಿ ಅದೆಲ್ಲ ಹಬ್ಬಹರಿದಿನಕ್ಕೆ ಮಾತ್ರ ಉಳಿದುಕೊಂಡಿದೆ. ಮತ್ತೆ ದಿನದ ಬದುಕಿಗೆ ತಂದುಕೊಳ್ಳಬೇಕು ಎಂದು ಬಲವಾಗಿ ಅನಿಸಿದೆ.

ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಥೈರಾಯ್ಡ್ ಮಾತ್ರೆ ನುಂಗಿ, ಹಿಂದೆಯೇ ಕಾಫಿ. ಮಗಳ ಡಬ್ಬಿ, ಅತ್ತೆಯವರ ತಿಂಡಿ, ನನ್ನ ಡಬ್ಬಿ. ನನ್ನ ತಿಂಡಿ ನಿಂತುಕೊಂಡೇ ಆಗುತ್ತದೆ. ಎಂಟೂಮುಕ್ಕಾಲಕ್ಕೆ ಬಸ್ಸು. ಸಂಘದಲ್ಲಿ ಜನ ಕರಗುವುದು ಎರಡೂವರೆಗೆ. ಕಂತು ಕಟ್ಟುವ ವಾರವಾದರೆ ಡಬ್ಬಿ ತೆರೆಯುವಾಗ ಮೂರು ಗಂಟೆ. ಸಂಜೆ ಹಸಿದು ಬಂದು ಸಿಕ್ಕಿದ್ದನ್ನು ತಿನ್ನುತ್ತೇನೆ. ರಾತ್ರಿ ಮಗಳ ಓದು ಮುಗಿದು ಎಲ್ಲರೂ ಕೂತು ಉಣ್ಣುವಾಗ ಹತ್ತು. ಕೊನೆಗೆ ಮೊಸರನ್ನ ಇಲ್ಲದಿದ್ದರೆ ಉಂಡಂತೆಯೇ ಅನಿಸುವುದಿಲ್ಲ. ಮಲಗಿದ ಮೇಲೆ ಹುಳಿತೇಗು, ಎದೆಯುರಿ, ಹೊಟ್ಟೆಯುಬ್ಬರ. ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದು ಕಷ್ಟ. ಬೆಳಿಗ್ಗೆ ಹೊಟ್ಟೆ ಸರಿಯಾಗಿ ಕಳೆಯುವುದಿಲ್ಲ.

ಈಚೆಗೆ ಒಂದು ಆಯುರ್ವೇದ ಕೇಂದ್ರಕ್ಕೆ ಹೋಗಿದ್ದೆ. ನಾಲಿಗೆ ನೋಡಿದರು, ಎರಡು ಪ್ರಶ್ನೆ ಕೇಳಿದರು, ‘ನಿಮ್ಮದು ಪಿತ್ತ ಪ್ರಕೃತಿ’ ಎಂದರು. ಒಂದು ಚೂರ್ಣ, ಎರಡು ಲೇಹ್ಯ, ಒಂದು ಅರಿಷ್ಟ, ತಲೆಗೊಂದು ಎಣ್ಣೆ, ಮೈಗೊಂದು ಎಣ್ಣೆ, ಜೊತೆಗೆ ತಾಮ್ರದ ಚೊಂಬು. ಎಲ್ಲ ಸೇರಿ ನಾಲ್ಕು ಸಾವಿರ ಮೀರಿದ ಪಟ್ಟಿ. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಎಂದು ಒಬ್ಬರೂ ಕೇಳಲಿಲ್ಲ. ಪಟ್ಟಿ ಹಿಡಿದು ಮನೆಗೆ ಬಂದೆ, ಏನನ್ನೂ ಕೊಳ್ಳಲಿಲ್ಲ.

ಮೊಬೈಲಿನಲ್ಲಿ ನೋಡಿದರೆ ಬ್ರಾಹ್ಮೀ ಮುಹೂರ್ತಕ್ಕೆ ಏಳಬೇಕು, ಎಣ್ಣೆಯಿಂದ ಬಾಯಿ ಮುಕ್ಕಳಿಸಬೇಕು, ಮೂಗಿಗೆ ಎಣ್ಣೆ ಬಿಡಬೇಕು, ಮೈಗೆಲ್ಲ ಎಣ್ಣೆ ತಿಕ್ಕಿ ಸ್ನಾನ ಮಾಡಬೇಕು ಎನ್ನುತ್ತಾರೆ. ಇಷ್ಟೆಲ್ಲ ಮಾಡಿ ಎಂಟೂಮುಕ್ಕಾಲರ ಬಸ್ಸು ಹಿಡಿಯುವುದು ನನ್ನಿಂದ ಆಗದು. ಒಂದೆರಡನ್ನೇ ಹಿಡಿಯುವುದಾದರೆ ಯಾವುದನ್ನು ಹಿಡಿಯಲಿ? ಇದನ್ನು ಓದಿ, ಮಾಡಿ, ಬಲ್ಲವರು ದಯವಿಟ್ಟು ಹೇಳಿ.

ಸಾಗರದ ವೈದ್ಯೆ

ತುಂಗಾತೀರ ಅವರೇ, ನಾನು ಬಿಎಎಂಎಸ್ (ಆಯುರ್ವೇದ ವೈದ್ಯ ಪದವಿ) ಮುಗಿಸಿ ಸಾಗರ ತಾಲ್ಲೂಕಿನಲ್ಲಿ ಚಿಕಿತ್ಸಾಲಯ ನಡೆಸುತ್ತಿದ್ದೇನೆ. ನಿಮ್ಮ ಕೈಗೆ ಬಂದಂಥ ಪಟ್ಟಿ ಹಿಡಿದುಕೊಂಡು ನನ್ನಲ್ಲಿಗೂ ಜನ ಬರುತ್ತಾರೆ. ಪ್ರಕೃತಿ, ಅಂದರೆ ಒಬ್ಬೊಬ್ಬರ ದೇಹಸ್ವಭಾವ, ಎರಡು ಪ್ರಶ್ನೆಗೆ ತಿಳಿಯುವಂಥದ್ದಲ್ಲ. ಹಸಿವು, ಮಲ, ನಿದ್ದೆ, ಬೆವರು, ಚರ್ಮ, ಮುಟ್ಟು, ಸಿಟ್ಟು, ಮಾತಿನ ವೇಗ ಎಲ್ಲವನ್ನೂ ವಿಚಾರಿಸಿ, ಮತ್ತೊಮ್ಮೆ ಕರೆಸಿ ನೋಡಿ, ಆಮೇಲೆ ಒಂದು ತೀರ್ಮಾನಕ್ಕೆ ಬರುತ್ತೇವೆ. ಈಗ ನಿಮಗೆ ಅದು ತಿಳಿಯಲೇಬೇಕೆಂದೂ ಇಲ್ಲ. ಪಿತ್ತವಾಗಲಿ ವಾತವಾಗಲಿ, ಮೂರು ಗಂಟೆಗೆ ಡಬ್ಬಿ ತೆರೆದು, ರಾತ್ರಿ ಹತ್ತಕ್ಕೆ ಮೊಸರನ್ನ ಉಂಡು, ಉಂಡ ಮೇಲೆ ಮಲಗಿದವರ ಎದೆ ಉರಿಯುತ್ತದೆ.

ನೀವು ಹಿಡಿಯಬೇಕಾದದ್ದು ಊಟದ ಹೊತ್ತು. ಎಣ್ಣೆ, ಕಷಾಯ, ಚೂರ್ಣ ಎಲ್ಲವೂ ಅದರ ಹಿಂದೆ ಬರಲಿ. ಆಯುರ್ವೇದದಲ್ಲಿ ಚಿಕಿತ್ಸೆಯ ಬಹುಪಾಲು ಅಗ್ನಿಯ, ಅಂದರೆ ಜೀರ್ಣಶಕ್ತಿಯ ಸುತ್ತ ನಡೆಯುತ್ತದೆ. ಹಿಂದಿನ ಊಟ ಅರಗಿದ ಮೇಲೆಯೇ ಹಿತವಾದದ್ದನ್ನು, ಮಿತವಾಗಿ ಉಣ್ಣಬೇಕು ಎಂದು ವಾಗ್ಭಟನ ಪ್ರಾಚೀನ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯದ ದಿನಚರ್ಯಾ ಅಧ್ಯಾಯವೇ ಹೇಳುತ್ತದೆ. ಪ್ರಮಾಣವನ್ನೂ ಆ ಗ್ರಂಥ ಬೇರೊಂದು ಕಡೆ ಹೇಳಿದೆ: ಹೊಟ್ಟೆಯ ಎರಡು ಪಾಲು ಅನ್ನಕ್ಕೆ, ಒಂದು ಪಾಲು ದ್ರವಕ್ಕೆ, ನಾಲ್ಕನೆಯ ಪಾಲು ಖಾಲಿ. ನೀವು ಮಧ್ಯಾಹ್ನ ಹಸಿವನ್ನು ತಡೆದು ತಡೆದು, ರಾತ್ರಿ ಆ ನಾಲ್ಕನೆಯ ಪಾಲನ್ನೂ ತುಂಬುತ್ತಿದ್ದೀರಿ. ಉರಿ ತಗ್ಗಿದ ಒಲೆಗೆ ಹಸಿ ಸೌದೆ ಒಟ್ಟಿದ ಹಾಗೆ ಅದು.

ಮಾಡಬೇಕಾದದ್ದು ಹೀಗೆ. ಒಂದು ಗಂಟೆಯ ಆಸುಪಾಸಿನಲ್ಲಿ ಹದಿನೈದು ನಿಮಿಷ ಕೌಂಟರು ನೋಡಿಕೊಳ್ಳಲು ಸಹೋದ್ಯೋಗಿಯನ್ನು ಕೇಳಿ. ಅವರ ಊಟದ ಹೊತ್ತಿಗೆ ನೀವು ನೋಡಿಕೊಳ್ಳಿ. ಕಾರ್ಯದರ್ಶಿಯವರಿಗೆ ಹೇಳಿಯೇ ಮಾಡಿ, ಇದರಲ್ಲಿ ಸಂಕೋಚ ಪಡುವಂಥದ್ದೇನೂ ಇಲ್ಲ. ದಿನದ ದೊಡ್ಡ ಊಟ ಅದೇ ಆಗಲಿ. ಸಂಜೆ ಮನೆಗೆ ಬಂದಾಗ ಹಸಿವಿದ್ದರೆ ಏಳೂವರೆಗೇ ಬಿಸಿ ಅನ್ನ, ಹೆಸರುಬೇಳೆ ತೊವ್ವೆ, ಪಡವಲಕಾಯಿಯೋ ಹೀರೆಕಾಯಿಯೋ ಪಲ್ಯ, ಒಂದು ಚಮಚ ತುಪ್ಪ ಉಂಡುಬಿಡಿ. ಮನೆಯವರೆಲ್ಲ ಹತ್ತಕ್ಕೆ ಉಣ್ಣುವಾಗ ಅವರೊಡನೆ ಕೂತು ಮಾತನಾಡಿ, ಬಡಿಸಿ. ಆದರೆ ತಟ್ಟೆ ಹಾಕಿಕೊಳ್ಳಬೇಡಿ. ಊಟಕ್ಕೂ ಮಲಗುವುದಕ್ಕೂ ಎರಡೂವರೆ ಮೂರು ಗಂಟೆ ಅಂತರವಿದ್ದರೆ ಎದೆಯುರಿ ತಗ್ಗುತ್ತದೆ ಎಂಬುದನ್ನು ಅಲೋಪಥಿ ವೈದ್ಯರೂ ಹೇಳುತ್ತಾರೆ. ಅತ್ತೆಯವರಿಗೂ ಏಳೂವರೆಯ ಊಟವೇ ಒಳ್ಳೆಯದು. ಕೇಳಿ ನೋಡಿ, ಬಹುಶಃ ಅವರು ಒಪ್ಪುತ್ತಾರೆ.

ಮೊಸರನ್ನು ರಾತ್ರಿ ಸೇವಿಸಬಾರದು, ಬಿಸಿ ಮಾಡಿಯೂ ಸೇವಿಸಬಾರದು ಎಂಬುದು ಅದೇ ಗ್ರಂಥದ ಮಾತು. ಮಜ್ಜಿಗೆಗೆ ಆ ನಿಷೇಧವಿಲ್ಲ. ಚೆನ್ನಾಗಿ ಕಡೆದು, ಬೆಣ್ಣೆ ತೆಗೆದು, ನೀರು ಸೇರಿಸಿದ ಮಜ್ಜಿಗೆ ಜೀರ್ಣಕ್ಕೆ ಒಳ್ಳೆಯದು. ಹುಳಿ ಬಂದದ್ದು ಬೇಡ, ಅಂದಿನದೇ ಇರಲಿ, ಮಧ್ಯಾಹ್ನದ ಊಟಕ್ಕೆ ಇರಲಿ.

ಈಗ ನಾನು ಒತ್ತಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ದಿನಚರಿ ಎಂದು ವಿಡಿಯೊ ಮಾಡುವವರು ಇದನ್ನು ಎತ್ತುವುದೇ ಇಲ್ಲ. ಅಷ್ಟಾಂಗ ಹೃದಯದಲ್ಲಿ ದಿನಚರ್ಯೆ ಎರಡನೆಯ ಅಧ್ಯಾಯ, ಋತುಚರ್ಯೆ ಮೂರನೆಯದು. ಅದರ ಬೆನ್ನಿಗೇ ನಾಲ್ಕನೆಯ ಅಧ್ಯಾಯ ರೋಗ ಬಾರದಂತೆ ನೋಡಿಕೊಳ್ಳುವುದರ ಬಗ್ಗೆ. ಅದು ಶುರುವಾಗುವುದೇ ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು, ತಡೆಯಬೇಡ ಎನ್ನುವುದರಿಂದ. ಮಲ, ಮೂತ್ರ, ಅಪಾನವಾಯು, ಸೀನು, ಹಸಿವು, ಬಾಯಾರಿಕೆ, ನಿದ್ದೆ, ಕಣ್ಣೀರು ಹೀಗೆ ಹದಿಮೂರು ವೇಗಗಳನ್ನು ಹೆಸರಿಸಿ, ತಡೆದರೆ ಯಾವ ಯಾವ ತೊಂದರೆ ಎಂದು ಒಂದೊಂದಾಗಿ ಹೇಳುತ್ತದೆ. ಕೌಂಟರಿನಲ್ಲಿ, ತರಗತಿಯಲ್ಲಿ, ಬಸ್ಸಿನ ಕಂಡಕ್ಟರ್ ಕೆಲಸದಲ್ಲಿ, ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಂಗಸರು ದಿನವಿಡೀ ಮಾಡುವುದು ಇದನ್ನೇ. ಎದ್ದು ಹೋಗಲಾಗದು, ಹೋದರೂ ಶೌಚಾಲಯ ಶುಚಿಯಿಲ್ಲ, ಆದ್ದರಿಂದ ನೀರನ್ನೇ ಕುಡಿಯುವುದಿಲ್ಲ. ಮಲ ಗಟ್ಟಿಯಾಗುತ್ತದೆ, ಮೂತ್ರದ ಸೋಂಕು ಬರುತ್ತದೆ, ತಲೆ ನೋಯುತ್ತದೆ. ಇವರಿಗೆ ತ್ರಿಫಲಾ ಬರೆದುಕೊಟ್ಟರೆ ಎಷ್ಟು ದಿನ ನಿಲ್ಲುತ್ತದೆ? ನೀವು ಬರೆದಿಲ್ಲ, ಆದರೂ ಕೇಳುತ್ತೇನೆ: ಬಸ್ಸು ಹತ್ತಿದ ಮೇಲೆ ಸಂಜೆಯವರೆಗೆ ಎಷ್ಟು ನೀರು ಕುಡಿಯುತ್ತೀರಿ? ಎಷ್ಟು ಸಲ ಏಳುತ್ತೀರಿ? ಆ ಎರಡನ್ನು ಸರಿಪಡಿಸಿಕೊಳ್ಳುವುದು ಬೆಳಗಿನ ಎಣ್ಣೆಗಿಂತ ದೊಡ್ಡ ದಿನಚರಿ.

ಬೆಳಿಗ್ಗೆ ಮಲಪ್ರವೃತ್ತಿಗೆ ಹತ್ತು ನಿಮಿಷ ನಿಮ್ಮದೆಂದು ಬಿಡಿಸಿಟ್ಟುಕೊಳ್ಳಿ. ಮಗಳ ಡಬ್ಬಿಗೆ ಮುಂಚೆಯೇ.

ಬ್ರಾಹ್ಮೀ ಮುಹೂರ್ತವೆಂದರೆ ಸೂರ್ಯೋದಯಕ್ಕೆ ಸುಮಾರು ಒಂದೂವರೆ ಗಂಟೆ ಮೊದಲಿನ ಹೊತ್ತು. ಆದರೆ ಶ್ಲೋಕ ಅಲ್ಲಿ ಸ್ವಸ್ಥನು ಏಳಬೇಕು ಎನ್ನುತ್ತದೆ, ಅಂದರೆ ಆರೋಗ್ಯವಂತ. ರಾತ್ರಿ ಎರಡಕ್ಕೆ ಎಚ್ಚರವಾಗಿ ಹೊರಳಾಡಿದವರು ನಾಲ್ಕೂವರೆಗೆ ಅಲಾರಂ ಇಟ್ಟು ಏಳುವುದು ಆ ಮಾತಿಗೆ ವಿರುದ್ಧ. ನೀವು ಮನೆಯವರ ಊಟವಾದ ಕೂಡಲೇ ಮಲಗಿ ಐದೂವರೆಗೆ ಏಳುವುದಕ್ಕೆ ಬನ್ನಿ, ಅದೂ ನಿಧಾನವಾಗಿ. ಅಭ್ಯಂಗದ ಮಾತೂ ಹೀಗೆಯೇ. ಎಣ್ಣೆ ತಿಕ್ಕಿಕೊಳ್ಳುವುದನ್ನು ಗ್ರಂಥ ಕೊಂಡಾಡುತ್ತದೆ. ಅಜೀರ್ಣವಿರುವವರಿಗೆ ಬೇಡವೆಂದು ಅಲ್ಲಿಯೇ ಹೇಳುತ್ತದೆ. ಹೊಟ್ಟೆ ಸರಿಹೋದ ಮೇಲೆ ಭಾನುವಾರಕ್ಕೊಮ್ಮೆ ಎಳ್ಳೆಣ್ಣೆ ಹಚ್ಚಿ, ಕಡಲೆಹಿಟ್ಟೋ ಸೀಗೆಯೋ ಹಾಕಿ ಸ್ನಾನ ಮಾಡಿ. ಮೈಗೆ ಬಿಸಿನೀರು ಒಳ್ಳೆಯದು, ತಲೆಗೆ ಸುಡುನೀರು ಬೇಡ; ಅದು ಕೂದಲಿನ, ಕಣ್ಣಿನ ಬಲ ಕೆಡಿಸುತ್ತದೆ ಎಂಬ ಮಾತಿದೆ. ಅಲ್ಲಿಯವರೆಗೆ ಮಲಗುವ ಮುನ್ನ ಅಂಗಾಲಿಗೆ ಒಂದಿಷ್ಟು ಎಣ್ಣೆ ತಿಕ್ಕಿ ಒರೆಸಿ. ನಿತ್ಯ ಎಲ್ಲ ಕಡೆ ಆಗದಿದ್ದರೆ ತಲೆ, ಕಿವಿ, ಪಾದಕ್ಕಾದರೂ ಹಚ್ಚು ಎನ್ನುವ ನಮ್ಮ ಹಿರಿಯರ ರೂಢಿಗೆ ಆ ಗ್ರಂಥದ ಬೆಂಬಲವಿದೆ. ಮೂಗಿನ ಎಣ್ಣೆಯನ್ನು ವೈದ್ಯರ ಮುಂದೆ ಕಲಿಯದೆ ಮನೆಯಲ್ಲಿ ಮಾಡಬೇಡಿ.

ಪ್ರಕೃತಿ ನೋಡಿಸಿಕೊಳ್ಳುವ ಆಸೆಯಿದ್ದರೆ ನಿಮ್ಮ ಊರಿನಲ್ಲೇ ಸರ್ಕಾರಿ ಆಯುರ್ವೇದ ವೈದ್ಯಕೀಯ ಕಾಲೇಜಿದೆ, ಅದರ ಆಸ್ಪತ್ರೆಗೆ ಹೋಗಿ. ಮಾತ್ರೆಗಳ ಚೀಟಿ, ಕಳೆದ ರಕ್ತಪರೀಕ್ಷೆಯ ವರದಿ ಕೈಯಲ್ಲಿರಲಿ.

ಶಿರಸಿಯ ಅಡುಗೆಮನೆ

ಡಾಕ್ಟರಮ್ಮ ಹೇಳಿದ್ದಕ್ಕೆ ನನ್ನ ಕಡೆಯಿಂದ ಡಬ್ಬಿಯ ವಿಷಯ ಸೇರಿಸುತ್ತೇನೆ, ತಂಗಿ. ಮಧ್ಯಾಹ್ನದ ಮಜ್ಜಿಗೆಯನ್ನು ತಂಬುಳಿ ಮಾಡಿಕೋ. ಬೆಳಿಗ್ಗೆ ಹೊತ್ತು ಹೆಚ್ಚು ಬೇಡ, ಒಲೆ ಬೇಕಾಗುವುದು ಹುರಿಯುವುದಕ್ಕೆ, ಒಗ್ಗರಣೆಗೆ ಮಾತ್ರ.

ಒಂದೆಲಗ ಒಂದು ಮುಷ್ಟಿ, ದಂಟು ಸಮೇತ. ಅದು ನೀರು ಹರಿಯುವ ಕಡೆ ಬೆಳೆಯುವ ಸೊಪ್ಪು, ಪೇಟೆಯಲ್ಲಿ ಚರಂಡಿ ಬದಿಯಲ್ಲೂ ಕಿತ್ತು ತರುತ್ತಾರೆ. ಹಸಿಯಾಗಿ ತಿನ್ನುವಂಥದ್ದು, ಆದ್ದರಿಂದ ಮೂರು ನಾಲ್ಕು ನೀರಿನಲ್ಲಿ ತೊಳೆಯಬೇಕು. ಕುಂಡದಲ್ಲಿ ಒಂದು ಬಳ್ಳಿ ನೆಟ್ಟುಬಿಟ್ಟರೆ ಈ ಚಿಂತೆಯೇ ಇಲ್ಲ, ಮಳೆಗಾಲದಲ್ಲಿ ಕುಂಡದ ಅಂಚು ದಾಟಿ ಹರಡುತ್ತದೆ. ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸನ್ನು ತುಪ್ಪದಲ್ಲಿ ಚಟಪಟ ಎನ್ನಿಸು. ಎರಡು ಚಮಚ ಕಾಯಿತುರಿ, ಸೊಪ್ಪು ಹಾಕಿ ನುಣ್ಣಗೆ ರುಬ್ಬು. ಹುಳಿಯಿಲ್ಲದ ಮಜ್ಜಿಗೆಗೆ ಕಲಸಿ ಉಪ್ಪು ಹಾಕು, ಮೇಲೆ ಸಾಸಿವೆ ಒಗ್ಗರಣೆ. ಮತ್ತೆ ಒಲೆಯ ಮೇಲೆ ಇಡಬಾರದು. ಡಬ್ಬಿಗೆ ಕಳಿಸುವಾಗ ಮಾತ್ರ ರುಬ್ಬಿದ್ದನ್ನು ಒಂದು ಪುಟ್ಟ ಡಬ್ಬಿಯಲ್ಲಿ, ಮಜ್ಜಿಗೆಯನ್ನು ಇನ್ನೊಂದರಲ್ಲಿ ಒಯ್ದು ಉಣ್ಣುವಾಗ ಕಲಸಿಕೋ. ಬೆಳಿಗ್ಗೆಯೇ ಕಲಸಿಟ್ಟರೆ ಮಧ್ಯಾಹ್ನಕ್ಕೆ ಹುಳಿಯಾಗಿ ಬಣ್ಣವೂ ಕಪ್ಪಾಗುತ್ತದೆ. ನಮ್ಮಲ್ಲಿ ತಂಬುಳಿಯನ್ನು ಊಟದ ಮೊದಲಿಗೆ, ಬಿಸಿ ಅನ್ನಕ್ಕೆ ಕಲಸಿ ಉಣ್ಣುತ್ತೇವೆ.

ಒಂದೆಲಗ ಸಿಗದ ದಿನ ದೊಡ್ಡಪತ್ರೆ ನಾಲ್ಕೆಲೆ ತುಪ್ಪದಲ್ಲಿ ಬಾಡಿಸಿಕೊಂಡರೂ ಆಯಿತು. ಹೊಟ್ಟೆ ಕೆಟ್ಟು ಭೇದಿಯಾದಾಗ ಮಾತ್ರ ದಾಳಿಂಬೆ ಸಿಪ್ಪೆಯ ತಂಬುಳಿ. ನಿನಗೆ ಮಲ ಗಟ್ಟಿ ಇರುವಾಗ ಅದನ್ನು ಮುಟ್ಟಬೇಡ.

ಕಾಫಿ ಬಿಡು ಎಂದು ನಾನು ಹೇಳುವುದಿಲ್ಲ, ಖಾಲಿ ಹೊಟ್ಟೆಗೆ ಬೇಡ ಅಷ್ಟೇ. ಸಂಜೆಯ ಕಾಫಿಯ ಜಾಗಕ್ಕೆ ಕಷಾಯ ತಂದುಕೊಂಡರೆ ನಿದ್ದೆಗೂ ಒಳ್ಳೆಯದು. ನಾಲ್ಕು ಪಾಲು ಕೊತ್ತಂಬರಿ ಬೀಜ, ಎರಡು ಪಾಲು ಜೀರಿಗೆ, ಅರ್ಧ ಪಾಲು ಸೋಂಪು, ಒಂದು ಚಮಚ ಮೆಂತೆ. ಬೇರೆ ಬೇರೆಯಾಗಿ ಹದವಾಗಿ ಹುರಿದು ಪುಡಿ ಮಾಡಿಡು. ಮಾಮೂಲಾಗಿ ಕಾಳುಮೆಣಸು, ಒಣಶುಂಠಿ ಕೈತುಂಬ ಹಾಕುತ್ತಾರೆ. ಅದು ಶೀತಕ್ಕೆ ಸರಿ. ಎದೆಯುರಿ ಇರುವವರ ಪುಡಿಗೆ ಅವೆರಡೂ ಬೇಡ.

ಔಷಧ ಅಂಗಡಿ, ದಾವಣಗೆರೆ

ಮೇಡಂ, ನೀವು ಬರೆದದ್ದರಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಥೈರಾಯ್ಡ್ ಮಾತ್ರೆಯ ಹಿಂದೆಯೇ ಕುಡಿಯುವ ಕಾಫಿ. ಆ ಮಾತ್ರೆಯನ್ನು (ಲೆವೊಥೈರಾಕ್ಸಿನ್) ಖಾಲಿ ಹೊಟ್ಟೆಗೆ ಬರೀ ನೀರಿನಲ್ಲಿ ನುಂಗಿ ಅರ್ಧ ಗಂಟೆಯಿಂದ ಒಂದು ಗಂಟೆ ಏನನ್ನೂ ತೆಗೆದುಕೊಳ್ಳಬಾರದು. ಕಾಫಿ ಅದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ಕಬ್ಬಿಣಾಂಶದ, ಕ್ಯಾಲ್ಸಿಯಂ ಮಾತ್ರೆಗಳಿಗೆ ನಾಲ್ಕು ಗಂಟೆ ಅಂತರ ಬೇಕು. ಎದೆಯುರಿಗೆ ತೆಗೆದುಕೊಳ್ಳುವ ಆಂಟಾಸಿಡ್‌ಗಳಿಗೂ ಅಷ್ಟೇ. ಮಾತ್ರೆ ಸರಿಯಾಗಿ ಹತ್ತದಿದ್ದರೆ ಥೈರಾಯ್ಡ್ ಕಡಿಮೆಯಾಗಿಯೇ ಉಳಿಯುತ್ತದೆ, ಅದರಿಂದಲೂ ಮಲಬದ್ಧತೆ ಬರುತ್ತದೆ. ಬೆಳಗಿನ ಬಿಸಿನೀರಿಗೆ ಜೇನು, ನಿಂಬೆ, ಚೂರ್ಣ ಏನು ಬೆರೆಸುವುದಿದ್ದರೂ ಆ ಒಂದು ಗಂಟೆಯ ಆಚೆಗೆ ಇಟ್ಟುಕೊಳ್ಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಯಾರು ಹೇಳಿದರೂ.

ಗಿಡಮೂಲಿಕೆ ಎಂದ ಮಾತ್ರಕ್ಕೆ ಏನೂ ಆಗುವುದಿಲ್ಲ ಎನ್ನುವ ನಂಬಿಕೆ ನನ್ನ ಅಂಗಡಿಗೆ ಬರುವವರಲ್ಲಿ ಬಹಳ. ಜ್ಯೇಷ್ಠಮಧುವನ್ನು ಕೆಮ್ಮಿಗೆ, ಹೊಟ್ಟೆಯುರಿಗೆ ಎಂದು ತಿಂಗಳುಗಟ್ಟಲೆ ತಿಂದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಕೊರೊನಾ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿ ಕಷಾಯ ಕುದಿಯಿತು; ಅದನ್ನು ಸೇವಿಸಿದ ಆರು ಮಂದಿಯಲ್ಲಿ ಯಕೃತ್ತಿಗೆ ಪೆಟ್ಟು ಬಿದ್ದದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಬಳ್ಳಿಯ ಗುರುತನ್ನೇ ಸರಿಯಾಗಿ ಖಚಿತಪಡಿಸಿಕೊಂಡಿಲ್ಲ ಎಂದು ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಯಾರ ವಾದ ಸರಿಯೆಂದರೂ, ಬೇಲಿಯ ಮೇಲಿನ ಯಾವುದೋ ಬಳ್ಳಿಯನ್ನು ಕಿತ್ತು ತಂದು ನಿತ್ಯ ಕುಡಿಯಬಾರದು ಎನ್ನುವುದು ಎರಡೂ ಕಡೆಯಿಂದ ಹೊರಡುವ ಮಾತು. ಲೋಹ, ಖನಿಜಗಳಿಂದ ಮಾಡುವ ಭಸ್ಮ, ರಸೌಷಧಿಗಳ ವಿಷಯದಲ್ಲಿ ಇನ್ನೂ ಬಿಗಿಯಾಗಿರಿ. ಅಂತರ್ಜಾಲದಲ್ಲಿ ಮಾರಾಟವಾಗುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಐದರಲ್ಲೊಂದು ಪಾಲಿನಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಡಬ್ಬದ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಘಟಕಗಳ ಪಟ್ಟಿ, ಅವಧಿ ಮುಗಿಯುವ ದಿನಾಂಕ ಇಲ್ಲದಿದ್ದರೆ ಮುಟ್ಟಬೇಡಿ.

ಇನ್ನೊಂದು. ನುಂಗುವಾಗ ನೋವು, ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ರಾತ್ರಿ ಬಸ್ಸು, ಹುಬ್ಬಳ್ಳಿ

ಡಾಕ್ಟರಮ್ಮ, ನಾನು ಬೆಂಗಳೂರು ಬಸ್ಸಿನ ಚಾಲಕ. ವಾರದಲ್ಲಿ ಮೂರ್ನಾಲ್ಕು ರಾತ್ರಿ ರಸ್ತೆಯಲ್ಲೇ ಕಳೆಯುತ್ತದೆ. ಏಳೂವರೆಗೆ ಊಟ, ಬೇಗ ನಿದ್ದೆ ಎಂಬ ಮಾತು ನಮ್ಮಂಥವರಿಗೆ ಹೇಗೆ ಹೊಂದಬೇಕು? ಬೆಳಿಗ್ಗೆ ಡಿಪೊದಲ್ಲಿ ಇಳಿದವನು ಹೊಟ್ಟೆ ತುಂಬ ಪೂರಿಯೋ ದೋಸೆಯೋ ತಿಂದು ಮಧ್ಯಾಹ್ನದವರೆಗೆ ಮಲಗುತ್ತೇನೆ. ಎದ್ದಾಗ ಮೈ ಜಡ, ಬಾಯಿ ಹುಳಿ.

ಸಾಗರದ ವೈದ್ಯೆ

ಸರ್, ನಿಮ್ಮಂಥವರಿಗೂ ವಾಗ್ಭಟ ಒಂದು ಸಾಲು ಬರೆದಿಟ್ಟಿದ್ದಾನೆ. ರೂಢಿಯಿಲ್ಲದೆ ರಾತ್ರಿ ಎಚ್ಚರವಿದ್ದರೆ, ಎಷ್ಟು ಹೊತ್ತು ನಿದ್ದೆಗೆಟ್ಟಿತೋ ಅದರ ಅರ್ಧದಷ್ಟು ಬೆಳಿಗ್ಗೆ ಮಲಗಬೇಕು, ಅದೂ ಏನನ್ನೂ ಉಣ್ಣದೆ. ನೀವು ಮಾಡುತ್ತಿರುವುದರಲ್ಲಿ ಕ್ರಮ ಹಿಂದುಮುಂದಾಗಿದೆ, ಮೈ ಜಡವಾಗುವುದು ಅದಕ್ಕೇ. ಇಳಿದ ಮೇಲೆ ಮುಖ ತೊಳೆದು, ಬೇಕಿದ್ದರೆ ಒಂದು ಲೋಟ ತೆಳ್ಳನೆಯ ಗಂಜಿ ಕುಡಿದು, ಕತ್ತಲು ಮಾಡಿಕೊಂಡು ನಾಲ್ಕೈದು ಗಂಟೆ ಮಲಗಿ. ಎದ್ದು ಸ್ನಾನ ಮಾಡಿ ಹನ್ನೆರಡರಿಂದ ಒಂದರೊಳಗೆ ಬಿಸಿ ಊಟ ಮಾಡಿ. ಬಸ್ಸು ಹೊರಡುವ ಎರಡು ಗಂಟೆ ಮೊದಲು ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯ. ನಡುರಾತ್ರಿ ಡಾಬಾದಲ್ಲಿ ಬಸ್ಸು ನಿಂತಾಗ ಉಣ್ಣಬೇಡಿ. ದಾರಿಯಲ್ಲಿ ಮೂತ್ರ ತಡೆಯಬೇಡಿ ಎಂದು ನಿಮಗೂ ಹೇಳುತ್ತೇನೆ. ನಿಮಗೆ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ಇದ್ದರೆ ಮಾತ್ರ ಹೀಗೆ ಉಪವಾಸ ಮಲಗಬಾರದು, ಮೊದಲು ನಿಮ್ಮ ವೈದ್ಯರನ್ನು ಕೇಳಿ. ಸುಸ್ತಾಗಿ ಕಣ್ಣು ಎಳೆಯುವ ದಿನ ಸ್ಟಿಯರಿಂಗ್ ಹಿಡಿಯಬೇಡಿ ಸರ್, ಅದಕ್ಕೆ ಯಾವ ಕಷಾಯವೂ ಇಲ್ಲ.

ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ಧನ್ಯವಾದಗಳು. ಡಾಕ್ಟರೇ, ನೀವು ನೀರಿನ ಬಗ್ಗೆ ಕೇಳಿದ್ದು ಓದಿ ಸಂಘದಲ್ಲಿ ಇಬ್ಬರಿಗೆ ತೋರಿಸಿದೆ. ಇಬ್ಬರೂ ‘ಇದು ನಮ್ಮದೇ ಕಥೆ’ ಎಂದರು. ಅರ್ಧ ಲೀಟರಿನ ಬಾಟಲಿ ಒಯ್ದದ್ದು ಹಾಗೆಯೇ ವಾಪಸ್ ಬರುತ್ತದೆ. ಕಾರ್ಯದರ್ಶಿಯವರೊಡನೆ ಮಾತನಾಡಿದ್ದೇವೆ, ಒಂದು ಗಂಟೆಯಿಂದ ಸರದಿಯಲ್ಲಿ ಊಟಕ್ಕೆ ಏಳುವುದೆಂದು ತೀರ್ಮಾನವಾಗಿದೆ. ಅತ್ತೆಯವರು ಏಳೂವರೆಯ ಊಟಕ್ಕೆ ನನಗಿಂತ ಮೊದಲೇ ಒಪ್ಪಿದರು. ಅಕ್ಕ, ಒಂದೆಲಗದ ಬಳ್ಳಿಯನ್ನು ತವರಿನಿಂದ ತರಿಸುತ್ತಿದ್ದೇನೆ. ಕಾಫಿಯನ್ನು ಏಳೂಕಾಲಕ್ಕೆ ಸರಿಸಿದ್ದೇನೆ.

ಒಂದು ಪ್ರಶ್ನೆ ಉಳಿದಿದೆ. ಯಜಮಾನರ ಮೂಲ ಮನೆ ಬೆಳ್ತಂಗಡಿ ಕಡೆ. ಆಟಿ (ತುಳುವರ ಆಷಾಢ) ಅಮಾವಾಸ್ಯೆಗೆ ಅಲ್ಲಿಗೆ ಹೋಗುತ್ತೇವೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕೊಡುತ್ತಾರೆ. ಈ ವರ್ಷ ನಾನು ಕುಡಿಯಬಹುದೇ?

ಸಾಗರದ ವೈದ್ಯೆ

ಈ ವರ್ಷ ಬೇಡ. ಕಹಿ, ಖಾರ ಎರಡೂ ಇರುವ ಕಷಾಯ, ಖಾಲಿ ಹೊಟ್ಟೆಗೆ; ನಿಮ್ಮ ಎದೆಯುರಿ ಇನ್ನೂ ಆರಿಲ್ಲ, ಮಾತ್ರೆಯೂ ಅದೇ ಹೊತ್ತಿನದು. ಮನೆಯವರಿಗೆ ಮಾತ್ರ ಒಂದು ಮಾತು ಹೇಳಿ: ಬೆಳಕು ಹರಿಯುವ ಮುನ್ನ ಕತ್ತಲಲ್ಲಿ ಹೋಗಿ ಕೆತ್ತೆ ತರುವ ಪದ್ಧತಿಯಲ್ಲಿ ಮರ ತಪ್ಪಿದರೆ ಪ್ರಾಣಕ್ಕೇ ಅಪಾಯ. ಪಾಲೆಯ ಬದಲು ಕಾಸರಕದ ತೊಗಟೆ ಬಂದುಬಿಟ್ಟರೆ ಅದು ವಿಷ. ಹಿಂದಿನ ದಿನ ಹಗಲಿನಲ್ಲೇ ಮರ ಬಲ್ಲ ಹಿರಿಯರನ್ನು ಕರೆದೊಯ್ದು ಗುರುತು ಮಾಡಿಡಲಿ. ಪಾಲೆಗೆ ಒಂದೇ ಗಂಟಿನಿಂದ ಸುತ್ತಲೂ ಏಳೆಂಟು ಎಲೆ ಹೊರಡುತ್ತವೆ, ಗೀರಿದರೆ ಬಿಳಿ ಹಾಲು ಬರುತ್ತದೆ. ಕಾಸರಕದ ಎಲೆ ಎದುರುಬದುರು ಜೋಡಿಯಾಗಿರುತ್ತವೆ, ಹಾಲು ಇರುವುದಿಲ್ಲ. ಸಂದೇಹವಿದ್ದರೆ ತರುವುದೇ ಬೇಡ.

ಕಷಾಯದ ಮೇಲೆ ಅವರು ಮೆಂತೆ ಗಂಜಿ ಮಾಡುತ್ತಾರಲ್ಲ, ಅದನ್ನು ನೀವೂ ಉಣ್ಣಿ. ಮಾತ್ರೆ ನುಂಗಿ ಒಂದು ಗಂಟೆ ಕಳೆದಿರಲಿ. ಹೊತ್ತಿಗೆ ಸರಿಯಾಗಿ ಉಣ್ಣಲು ಶುರು ಮಾಡಿ ಒಂದು ತಿಂಗಳಾದರೂ ರಾತ್ರಿಯ ಹುಳಿತೇಗು ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ ತೋರಿಸಿ. ಅಷ್ಟರೊಳಗೆ ಥೈರಾಯ್ಡ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿರಿ.